ಹಲ್ಲು ಎಣಿಸಿ, ಸೈಕಲ್ ತುಳಿಯಿರಿ

ಅಕ್ಕ ದಿನಾ ಬೆಳಿಗ್ಗೆ ಸೈಕಲ್ಲಿನಲ್ಲಿ ಡೇರಿಗೆ ಹಾಲು ಒಯ್ಯುತ್ತಾಳೆ. ಹಿಂದೆ ಎರಡು ಕ್ಯಾನು. ದಾರಿಯಲ್ಲಿ ಒಂದು ದಿಬ್ಬ. ಅಲ್ಲಿ ಪೆಡಲು ಒತ್ತಲು ಆಗುವುದಿಲ್ಲ. ಇಳಿದು ತಳ್ಳಬೇಕು. ಹೊತ್ತಾದರೆ ಡೇರಿ ಬಾಗಿಲು ಹಾಕುತ್ತಾರೆ. ಹಾಲು ಮನೆಗೆ ವಾಪಸು!

"ನನ್ನ ಕಾಲಲ್ಲೇ ಶಕ್ತಿ ಇಲ್ಲ ಕಣಣ್ಣ" ಎಂದಳು ಸೈಕಲ್ ಶಾಪಿನವನಿಗೆ.

"ಕಾಲಿನ ತಪ್ಪಲ್ಲ, ಹಲ್ಲಿನ ಲೆಕ್ಕ. ಎಣಿಸಿ ನೋಡಕ್ಕ."

ಅಕ್ಕ ಎಣಿಸಿದಳು. ಪೆಡಲಿನ ಹತ್ತಿರದ ದೊಡ್ಡ ಚಕ್ರಕ್ಕೆ 44 ಹಲ್ಲು. ಹಿಂದಿನ ಗಾಲಿಯ ಫ್ರೀವೀಲಿಗೆ 18. ಪೆಡಲು ಒಂದು ಸುತ್ತು ತಿರುಗಿದರೆ ಹಿಂದಿನ ಗಾಲಿ ಸುಮಾರು ಎರಡೂವರೆ ಸುತ್ತು ಉರುಳುತ್ತದೆ. 28 ಇಂಚಿನ ಗಾಲಿಯಾದರೆ ಸೈಕಲ್ಲು ಸುಮಾರು 18 ಅಡಿ ಮುಂದೆ ಹೋಗುತ್ತದೆ.

ಫ್ರೀವೀಲಿಗೆ 22 ಹಲ್ಲು ಇದ್ದರೆ? ಗಾಲಿ ಎರಡೇ ಸುತ್ತು. ಸುಮಾರು 15 ಅಡಿ. ಆದರೆ ತುಳಿಯುವ ಭಾರ ಐದರಲ್ಲಿ ಒಂದು ಪಾಲಿನಷ್ಟು ಇಳಿಯುತ್ತದೆ. ದಿಬ್ಬ ಹತ್ತುವುದು ಸುಲಭ. ಸಮ ರಸ್ತೆಯಲ್ಲಿ ಮಾತ್ರ ಹೆಚ್ಚು ಸಲ ತುಳಿಯಬೇಕು. ವೇಗ ಕೊಟ್ಟು ಬಲ ಕೊಂಡ ಹಾಗೆ. ಕೆಸರಿನಲ್ಲಿ ಟ್ರ್ಯಾಕ್ಟರನ್ನು ಸಣ್ಣ ಗೇರಿನಲ್ಲಿ ಓಡಿಸುವುದೂ ಇದಕ್ಕೇ.

"ಭಾರ ಹೊರುವವಳು ನಾನು. 22ರದ್ದೇ ಹಾಕಣ್ಣ."

ಹಲ್ಲು ಹೆಚ್ಚಾದರೆ ಹಳೆಯ ಚೈನು ಸಾಲದೆ ಹೋಗಬಹುದು. ಕೊಂಡಿ ಸೇರಿಸಬೇಕಾಗುತ್ತದೆ. ಅದರ ಖರ್ಚನ್ನೂ ಮೊದಲೇ ಕೇಳಿಕೊಳ್ಳಿ.

ನೀವೂ ಎಣಿಸಿ. ಮೊದಲ ಹಲ್ಲಿಗೆ ಸುಣ್ಣ ಹಚ್ಚಿ. ಪೆಡಲು ತಿರುಗುವಾಗ ಬೆರಳು ಇಡಬೇಡಿ, ಸೆರಗು ಸಿಕ್ಕಿಸಿಕೊಳ್ಳಿ.

ಬರೆಯಿರಿ:
ನಮ್ಮ ಸೈಕಲ್ಲಿಗೆ ಮುಂದೆ ........ ಹಲ್ಲು, ಹಿಂದೆ ........ ಹಲ್ಲು.