ಬಾಗಿಲು ಮುಚ್ಚಿದಲ್ಲಿ ಹುಟ್ಟಿದ ವಿದ್ಯಾಲಯಗಳು

ವಿದ್ಯಾಧನವನ್ನು ಕಳ್ಳರು ಕದಿಯಲಾರರೆಂಬುದು ಲೋಕರೂಢಿಯ ಮಾತು. ಆದರೆ ಆ ಧನವು ಕೈಸೇರುವ ಮೊದಲೇ ಅದನ್ನು ತಡೆಯಬಹುದು. ಅದಕ್ಕೆ ಕಳ್ಳರು ಬೇಕಿಲ್ಲ. ಶಾಲೆಯ ಬಾಗಿಲನ್ನು ಮುಚ್ಚಿದರೆ ಸಾಕು. ಹಾಗೆ ಮುಚ್ಚಿದ ಬಾಗಿಲ ಹೊರಗೆ ನಿಂತವರಿಗಾಗಿ ಹುಟ್ಟಿದ ವಿದ್ಯಾಲಯಗಳನ್ನು ಇಲ್ಲಿ ಸ್ಮರಿಸುವುದು ಉಚಿತವೆನಿಸುತ್ತದೆ.

ಕನ್ನಡನಾಡಿನಲ್ಲಿ ಈ ಸ್ಮರಣೆಗೆ ಮೊದಲು ಬರುವ ಹೆಸರು ಕುದ್ಮುಲ್ ರಂಗರಾಯರದು. 1859ರಲ್ಲಿ ಜನಿಸಿದ ಇವರು ಮಂಗಳೂರಿನಲ್ಲಿ ವಕೀಲರಾಗಿದ್ದರು. ಅಸ್ಪೃಶ್ಯರೆನಿಸಿದವರ ಮಕ್ಕಳಿಗೆ ಶಾಲೆಯ ಹೊಸ್ತಿಲು ನಿಷಿದ್ಧವಾಗಿದ್ದ ಕಾಲದಲ್ಲಿ, 1892ರಲ್ಲಿ, ಚಿಲಿಂಬಿಯಲ್ಲಿ ಅವರಿಗಾಗಿಯೇ ಶಾಲೆ ತೆರೆದರು. ಸ್ವಜಾತಿಯವರ ಬಹಿಷ್ಕಾರವನ್ನು ಸಹಿಸಿದರು. ಕೂಲಿಗೆ ಹೋಗುವ ಮಗುವನ್ನು ಶಾಲೆಗೆ ಕಳುಹಿಸಿದರೆ ಮನೆಯ ಗಂಜಿಗೆ ಕೊರತೆಯಾಗುವುದೆಂಬುದನ್ನು ಅರಿತು ಮಧ್ಯಾಹ್ನದ ಊಟದ ವ್ಯವಸ್ಥೆ ಮಾಡಿದರು. 1897ರಲ್ಲಿ ದಲಿತೋದ್ಧಾರ ಸಂಸ್ಥೆಯನ್ನು ಸ್ಥಾಪಿಸಿ, ಅಕ್ಷರದೊಡನೆ ನೇಯ್ಗೆ, ಮರಗೆಲಸಗಳಂಥ ಕಸುಬುಗಳನ್ನೂ ಕಲಿಸಿದರು. 1927ರಲ್ಲಿ ಸಂನ್ಯಾಸ ಸ್ವೀಕರಿಸಿ, 1928ರಲ್ಲಿ ದೇಹವಿಟ್ಟರು.

ಇದೇ ಬಗೆಯ ಸಾಹಸವು ದೂರದ ಅಮೆರಿಕೆಯಲ್ಲಿಯೂ ನಡೆದಿತ್ತು. ಅಲ್ಲಿಯ ದಕ್ಷಿಣದ ಹಲವು ರಾಜ್ಯಗಳಲ್ಲಿ ಕಪ್ಪುಜನರಾದ ಗುಲಾಮರಿಗೆ ಓದು ಕಲಿಸುವುದೇ ಅಪರಾಧವಾಗಿತ್ತು. 1865ರಲ್ಲಿ ದಾಸ್ಯವು ಕಾನೂನಿನಿಂದ ಅಳಿದ ಮೇಲೂ ಬಿಳಿಯರ ಕಾಲೇಜುಗಳ ಬಾಗಿಲು ತೆರೆಯಲಿಲ್ಲ. ಆಗ ಫಿಸ್ಕ್ (1866), ಹೋವರ್ಡ್ (1867) ಮೊದಲಾದ ಕಪ್ಪುಜನರ ವಿದ್ಯಾಲಯಗಳು ತಲೆಯೆತ್ತಿದವು. ಫಿಸ್ಕಿನ ವಿದ್ಯಾರ್ಥಿಗಳು 1871ರಿಂದ ಊರೂರು ತಿರುಗಿ, ಹಾಡಿ ಹಣ ಕೂಡಿಸಿ ತಮ್ಮ ಶಾಲೆಯನ್ನು ಉಳಿಸಿದರು. ದಾಸ್ಯದಲ್ಲಿ ಹುಟ್ಟಿದ ಬುಕರ್ ವಾಷಿಂಗ್‌ಟನ್ 1881ರಲ್ಲಿ ಟಸ್ಕೀಗಿಯಲ್ಲಿ ಆರಂಭಿಸಿದ ಶಾಲೆಗೆ ವಿದ್ಯಾರ್ಥಿಗಳೇ ಇಟ್ಟಿಗೆ ಸುಟ್ಟು ಗೋಡೆ ಕಟ್ಟಿದರು. ಹೋವರ್ಡಿನಲ್ಲಿ ಕಾನೂನು ಕಲಿತ ಥರ್ಗುಡ್ ಮಾರ್ಷಲ್ಲರು ಮುಂದೆ ಶಾಲೆಗಳಲ್ಲಿಯ ವರ್ಣಭೇದದ ವಿರುದ್ಧ ವಾದಿಸಿದರು. 1954ರಲ್ಲಿ ಆ ಭೇದವು ಸಂವಿಧಾನವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯವೇ ಸಾರಿತು. ಹೊರಗಿಟ್ಟವರ ಶಾಲೆಯಲ್ಲಿ ಓದಿದವನು ಇಡೀ ದೇಶದ ಶಾಲೆಗಳ ಬಾಗಿಲನ್ನು ತೆರೆಸಿದನು.

ಎರಡಕ್ಕೂ ಭೇದವಿಲ್ಲದಿಲ್ಲ. ಅಲ್ಲಿ ನೊಂದವರೂ ಮುಂದೆ ನಿಂತರು. ಇಲ್ಲಿ ಮೇಲ್ಜಾತಿಯವರೊಬ್ಬರು ಮೊದಲ ಹೆಜ್ಜೆಯಿಟ್ಟರು. ಆದರೆ ಊರಿನ ಕೋಪಕ್ಕೆ ಅಂಜದೆ ಮಕ್ಕಳನ್ನು ಕಳುಹಿಸಿದ ತಾಯ್ತಂದೆಗಳ ಧೈರ್ಯವಿಲ್ಲದಿದ್ದರೆ ರಾಯರ ಶಾಲೆಯು ಬರಿಯ ಕಟ್ಟಡವಾಗಿರುತ್ತಿತ್ತು.

ಇಲ್ಲಿ ‘ವಿದ್ಯಾದಾನ’ವೆಂಬ ಶಬ್ದವನ್ನು ವಿಚಾರಿಸಬೇಕು. ದಾನದಲ್ಲಿ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ರಂಗರಾಯರು ಇದನ್ನು ತಲೆಕೆಳಗು ಮಾಡಿದರು. ತಾವು ಓದಿಸಿದ ಮಕ್ಕಳು ಅಧಿಕಾರಿಗಳಾಗಿ ಕಾರಿನಲ್ಲಿ ಸಾಗುವಾಗ ಏಳುವ ಧೂಳು ತಮ್ಮ ತಲೆಗೆ ತಗುಲಿದರೆ ಜನ್ಮ ಸಾರ್ಥಕವೆಂಬುದು ಅವರ ಹಂಬಲವಾಗಿತ್ತು. ಅವರು ಕೊಟ್ಟುದು ದಾನವಲ್ಲ. ಸಮಾಜವು ಬಹುಕಾಲ ತೀರಿಸದೆ ಉಳಿಸಿಕೊಂಡ ಋಣ.

ಹರ್ಡೇಕರ ಮಂಜಪ್ಪನವರ ಕರ್ಮಭೂಮಿಯಾದ ಈ ಆಲಮಟ್ಟಿಯಲ್ಲಿ ವಿದ್ಯಾಸೇವೆಯ ಮಾತು ಹೊಸದಲ್ಲ. ದಾನಿಗಳ ಹೆಸರು ಶಿಲೆಯಲ್ಲಿ ನಿಲ್ಲುವುದು ಯೋಗ್ಯವೇ. ಆದರೆ ಶಿಕ್ಷಕರು ಹಾಜರಿ ಪುಸ್ತಕ ತೆರೆದಾಗ ಬಂದ ಮಕ್ಕಳನ್ನು ಎಣಿಸಿ ಮುಗಿಸಬಾರದು. ಸುತ್ತಲಿನ ಯಾವ ಕೇರಿಯ, ಯಾವ ತಾಂಡಾದ ಮಗುವಿನ ಹೆಸರು ಅದರಲ್ಲಿಲ್ಲವೆಂದು ಕೇಳಬೇಕು. ಕೇಳಿ, ಆ ಮನೆಯ ಬಾಗಿಲಿಗೆ ನಡೆಯಬೇಕು. ರಂಗರಾಯರಿಗೂ ಅಮೆರಿಕೆಯ ಆ ವಿದ್ಯಾಲಯಗಳಿಗೂ ಸಲ್ಲುವ ಗೌರವ ಅದೇ.