ಮೂತ್ರಪಿಂಡದ ಹಾನಿ ಮತ್ತು ಜೀವಕೋಶಗಳ ಕಾಯಕ

ಬೆನ್ನುಮೂಳೆಯ ಎರಡೂ ಬದಿಗಳಲ್ಲಿರುವ ಮೂತ್ರಪಿಂಡಗಳು ಮುಷ್ಟಿಗಾತ್ರದ ಅಂಗಗಳು. ಪ್ರತಿಯೊಂದರಲ್ಲಿಯೂ ಸುಮಾರು 10 ಲಕ್ಷ ನೆಫ್ರಾನ್‌ಗಳಿವೆ. ಇವು ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿ, ಬಹುಪಾಲನ್ನು ಮರಳಿ ಹೀರಿಕೊಂಡು, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಹಾಕುತ್ತವೆ. ಈ ನಿರಂತರ ಕಾಯಕಕ್ಕೆ ಅಪಾರ ಶಕ್ತಿ ಬೇಕು. ಆದುದರಿಂದಲೇ ರಕ್ತದ ಪೂರೈಕೆ ಕುಗ್ಗಿದಾಗ ಅಥವಾ ವಿಷ ಸೇರಿದಾಗ ನೆಫ್ರಾನಿನ ನಳಿಕೆಯ ಜೀವಕೋಶಗಳು ಮೊದಲು ನಲುಗುತ್ತವೆ.

ಕೆಲವು ಗಂಟೆ ಅಥವಾ ದಿನಗಳಲ್ಲಿಯೇ ಸಂಭವಿಸುವ ಇದಕ್ಕೆ ತೀವ್ರ ಮೂತ್ರಪಿಂಡ ಹಾನಿ ಎಂದು ಹೆಸರು. ವಾಂತಿಭೇದಿ, ಗಂಭೀರ ಸೋಂಕು, ನೋವುನಿವಾರಕ ಮಾತ್ರೆಗಳ ಅತಿಬಳಕೆ, ಹೊಲಗದ್ದೆಗಳಲ್ಲಿ ಕೊಳಕುಮಂಡಲದ ಕಡಿತ ಇವು ಮುಖ್ಯ ಕಾರಣಗಳು.

ದುರಸ್ತಿಯ ಸಂಕೇತಗಳು

ಈ ಅಂಗಕ್ಕೆ ತನ್ನನ್ನು ತಾನೇ ಸರಿಪಡಿಸಿಕೊಳ್ಳುವ ಸಾಮರ್ಥ್ಯವಿದೆ. ಸತ್ತ ಕೋಶಗಳು ಕಳಚಿದ ಬಳಿಕ, ಉಳಿದ ಕೋಶಗಳು ಚಪ್ಪಟೆಯಾಗಿ ಹರಡಿ, ವಿಭಜನೆಗೊಂಡು, ಬರಿದಾದ ಜಾಗವನ್ನು ಮುಚ್ಚುತ್ತವೆ. ಇದಕ್ಕೆ ಸಂಕೇತ ನೀಡುವವು ಕೈನೇಸ್ ಎಂಬ ಕಿಣ್ವಗಳು. ಪ್ರೋಟೀನಿಗೆ ಫಾಸ್ಫೇಟನ್ನು ಜೋಡಿಸಿ ಅದರ ವರ್ತನೆಯನ್ನು ಬದಲಿಸುವುದು ಕೈನೇಸಿನ ಕಾರ್ಯ. ಅದನ್ನು ಕಳಚುವುದು ಫಾಸ್ಫಟೇಸಿನ ಕಾರ್ಯ. ಈ ಶೋಧಕ್ಕಾಗಿ ಎಡ್ಮಂಡ್ ಫಿಷರ್ ಮತ್ತು ಎಡ್ವಿನ್ ಕ್ರೆಬ್ಸ್ ಅವರಿಗೆ 1992ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಹಾನಿಯಾದಾಗ ಕೋಶದ ಹೊರಪೊರೆಯಲ್ಲಿರುವ ಇಜಿಎಫ್‌ಆರ್ ಎಂಬ ಕೈನೇಸ್ ಎಚ್ಚರಗೊಳ್ಳುತ್ತದೆ. ಸಂಕೇತವು ಸರಪಳಿಯಂತೆ ಸಾಗಿ ಇಆರ್‌ಕೆ ಎಂಬ ಇನ್ನೊಂದು ಕೈನೇಸನ್ನು ತಲುಪುತ್ತದೆ. ಅದು ಕೋಶಕೇಂದ್ರವನ್ನು ಹೊಕ್ಕು ವಿಭಜನೆಗೆ ಚಾಲನೆ ನೀಡುತ್ತದೆ. ಆದರೆ ಇಲಿಗಳ ಮೇಲಿನ ಪ್ರಯೋಗಗಳಲ್ಲಿ, ಆರಂಭದಲ್ಲಿ ದುರಸ್ತಿಗೆ ನೆರವಾಗುವ ಇದೇ ಇಜಿಎಫ್‌ಆರ್ ಸಂಕೇತವು ದೀರ್ಘಕಾಲ ಮುಂದುವರಿದರೆ ಅಂಗವು ನಾರುಗಟ್ಟುವುದು ಕಂಡುಬಂದಿದೆ. ನಾರುಗಟ್ಟಿದ ಭಾಗವು ಮತ್ತೆ ರಕ್ತವನ್ನು ಸೋಸಲಾರದು.

ನಮ್ಮ ಕರ್ತವ್ಯ

ಆದುದರಿಂದ ಗಾಯದ ಮೇಲೆ ಗಾಯವಾಗದಂತೆ ನೋಡಿಕೊಳ್ಳುವುದು ಅತಿಮುಖ್ಯ. ರೋಗಕಾರಣವನ್ನು ತ್ಯಜಿಸುವ ಈ ಕ್ರಮವನ್ನು ಆಯುರ್ವೇದವು ನಿದಾನಪರಿವರ್ಜನ ಎನ್ನುತ್ತದೆ.

ಹಾವು ಕಚ್ಚಿದಾಗ ಈಶ್ವರಿ ಬೇರನ್ನು ಅರೆದು ಕುಡಿಸುವ ರೂಢಿ ಹಳ್ಳಿಗಳಲ್ಲಿದೆ. ಆ ಬಳ್ಳಿಯಲ್ಲಿರುವ ಅರಿಸ್ಟೊಲೋಕಿಕ್ ಆಮ್ಲವು ನಳಿಕೆಯ ಕೋಶಗಳಿಗೇ ವಿಷ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ, ಇದೇ ಕುಲದ ಸಸ್ಯ ಬೆರೆತಿದ್ದ ತೂಕ ಇಳಿಸುವ ಔಷಧಿಯನ್ನು ಸೇವಿಸಿದ ಅನೇಕ ಮಹಿಳೆಯರ ಮೂತ್ರಪಿಂಡಗಳು ನಾರುಗಟ್ಟಿ ವಿಫಲವಾದವು. ಗಿಡಮೂಲಿಕೆಯಾದ ಮಾತ್ರಕ್ಕೆ ಯಾವುದೂ ನಿರಪಾಯವಲ್ಲ. ಇದನ್ನು ಆಯುರ್ವೇದ ವೈದ್ಯನಾಗಿಯೇ ಹೇಳುತ್ತಿದ್ದೇನೆ. ಹಾವು ಕಚ್ಚಿದವರನ್ನು ಪ್ರತಿವಿಷದ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಒಡನೆಯೇ ಕರೆದೊಯ್ಯಬೇಕು.

ಮೂತ್ರ ಕಡಿಮೆಯಾಗುವುದು, ಕಾಲು ಊದಿಕೊಳ್ಳುವುದು, ಓಕರಿಕೆ, ಉಬ್ಬಸ ಕಂಡಾಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಆ ಸಮಯದಲ್ಲಿ ಕಷಾಯ, ಭಸ್ಮ, ನೋವಿನ ಮಾತ್ರೆಗಳನ್ನು ಸ್ವಂತ ನಿರ್ಧಾರದಿಂದ ಸೇವಿಸಬಾರದು. ಮೂತ್ರ ನಿಂತಾಗ ಎಷ್ಟು ನೀರು ಕುಡಿಯಬೇಕೆಂಬುದನ್ನೂ ವೈದ್ಯರೇ ಹೇಳಬೇಕು. ಗುಣಮುಖರಾದವರು 3 ತಿಂಗಳ ನಂತರ ರಕ್ತದ ಕ್ರಿಯಾಟಿನಿನ್ ಹಾಗೂ ಮೂತ್ರದ ಪ್ರೋಟೀನ್ ಪರೀಕ್ಷೆಯನ್ನು ತಪ್ಪದೆ ಮಾಡಿಸಿಕೊಳ್ಳಬೇಕು.

ಶರಣರು ಶರೀರವನ್ನು ಶಿವನ ಆಲಯವೆಂದು ಕಂಡರು. ಅದರೊಳಗಿನ ಕೋಶಗಳು ತಮ್ಮ ಕಾಯಕವನ್ನು ಬಲ್ಲವು. ಅವುಗಳಿಗೆ ಅಡ್ಡಿಯಾಗದಂತೆ ನಡೆದುಕೊಳ್ಳುವುದು ನಮ್ಮ ಕಾಯಕವಾಗಲಿ.