ಲಾರಿ ನಿಂತ ಮೇಲೆ ಎಂಜಿನ್ ಏಕೆ ಓಡಬೇಕು?

ಚೆನ್ನೈನ ಕ್ರೋಂಪೇಟೆ ಹಾಯ್ದು ಹೋಗುವ ಜಿಎಸ್‌ಟಿ ರಸ್ತೆಯಲ್ಲಿ ಲಾರಿ ನಿಲ್ಲಲು ಕಾರಣಗಳಿಗೆ ಬರವಿಲ್ಲ: ಪಲ್ಲಾವರಂನಿಂದ ತಾಂಬರಂವರೆಗಿನ ದಟ್ಟಣೆ, ನಗರದೊಳಗೆ ಭಾರಿ ವಾಹನಗಳಿಗಿರುವ ಸಮಯದ ನಿರ್ಬಂಧ, ಸರಕು ಇಳಿಸುವ ಸರದಿ. ಕಡಲ ಬದಿಯ ಸೆಕೆಗೆ ಎಂಜಿನ್ ಆರಿಸದೆ ಎ.ಸಿ. ಹಾಕಿಕೊಂಡು ಮಲಗುವ ಆಸೆ ಸಹಜ. 2025ರ ಅಕ್ಟೋಬರ್ 1ರಿಂದ ತಯಾರಾಗುವ, ಒಟ್ಟು ತೂಕ ಮೂರೂವರೆ ಟನ್ ಮೀರುವ ಲಾರಿಗಳ ಕ್ಯಾಬಿನ್‌ಗೆ ಎ.ಸಿ. ಕಡ್ಡಾಯ. ಓಡಿಸುವಾಗ ಅದು ಚಾಲಕನಿಗೆ ಸಲ್ಲಲೇಬೇಕಾದ ಸೌಕರ್ಯ. ನಿಂತ ಲಾರಿಯಲ್ಲಿ ಅದಕ್ಕಾಗಿ ಎಂಜಿನ್ ಓಡಿಸುತ್ತ ನಿದ್ದೆಹೋಗುವುದು ಅಪಾಯ. ಎಚ್ಚರವಿದ್ದವನು ಹೊಗೆಗೆ ತಲೆ ಸುತ್ತಿದರೆ ಕೆಳಗಿಳಿಯಬಲ್ಲ, ಮಲಗಿದವನಿಗೆ ಆ ಅವಕಾಶವಿಲ್ಲ.

ಹೊಗೆಯಲ್ಲಿ ಕಣ್ಣಿಗೆ ಕಾಣುವ ಕಪ್ಪಿಗಿಂತ ಕಾಣದ ಕಾರ್ಬನ್ ಮೊನಾಕ್ಸೈಡ್ ಬೇಗ ಕೊಲ್ಲುತ್ತದೆ. ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಈ ಅನಿಲ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಅಂಟಿಕೊಳ್ಳುತ್ತದೆ. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದಲ್ಲಿ ನಿಂತಿದ್ದ ಕ್ಯಾರವಾನ್‌ನೊಳಗೆ ಇಬ್ಬರು ಸತ್ತದ್ದು ಜನರೇಟರ್‌ನಿಂದ ಇದೇ ಅನಿಲ ಒಳಸೇರಿ. ಡೀಸೆಲ್ ಎಂಜಿನ್ ಪೆಟ್ರೋಲ್ ಎಂಜಿನ್ನಿಗಿಂತ ಇದನ್ನು ಕಡಿಮೆ ಉಗುಳುತ್ತದೆ, ಬಿಎಸ್-6 ಲಾರಿಯಲ್ಲಿ ಇನ್ನೂ ಕಡಿಮೆ ಎಂಬ ವಾದ ಸುಳ್ಳಲ್ಲ. ಆದರೆ ಇಂಜೆಕ್ಟರ್ ಕೆಟ್ಟಿದ್ದರೆ, ಸೈಲೆನ್ಸರ್ ಪೈಪು ಸೋರುತ್ತಿದ್ದರೆ, ಪಕ್ಕದಲ್ಲೇ ಹಳೆಯ ಲಾರಿ ಹೊಗೆ ಬಿಡುತ್ತಿದ್ದರೆ ಆ ಲೆಕ್ಕ ತಲೆಕೆಳಗಾಗುತ್ತದೆ. ದೀರ್ಘಕಾಲದ ಹಾನಿಯೂ ಇದೆ: ಡೀಸೆಲ್ ಹೊಗೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಸಾರಿದೆ.

ಆದ್ದರಿಂದ ಕ್ರಮ ಹೀಗಿರಲಿ. ಮೊದಲು, ಹೊರಡುವ ಮುನ್ನ ಸೈಲೆನ್ಸರ್ ಪೈಪಿನ ಜಾಯಿಂಟುಗಳನ್ನು ನೋಡಿ. ಮಸಿ ಹಿಡಿದಿದ್ದರೆ ಅಲ್ಲಿ ಸೋರಿಕೆಯಿರಬಹುದು. ಕ್ಯಾಬಿನ್ ನೆಲದ ರಂಧ್ರಗಳ ರಬ್ಬರು ಹರಿದಿದ್ದರೆ ಬದಲಿಸಿ. ಎರಡನೆಯದಾಗಿ, ಸ್ಟಾರ್ಟ್ ಮಾಡಿದ ಮೇಲೆ ಬ್ರೇಕಿಗೆ ಏರ್ ತುಂಬುವಷ್ಟು ಹೊತ್ತು ಮಾತ್ರ ಕಾಯಿರಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಲೇಬೇಡಿ. ಮೂರನೆಯದಾಗಿ, ಸೈಲೆನ್ಸರ್ ಬಾಯಿ ಗೋಡೆಗೋ ಪಕ್ಕದ ಕ್ಯಾಬಿನ್ನಿಗೋ ಎದುರಾಗದಂತೆ ಗಾಡಿ ನಿಲ್ಲಿಸಿ. ನಾಲ್ಕನೆಯದಾಗಿ, ಭಾರ ಎಳೆದು ಬಂದ ಟರ್ಬೊ ತಣಿಯಲು ಕಂಪನಿಯ ಕೈಪಿಡಿ ಹೇಳುವ ಕೆಲವು ನಿಮಿಷ ಕೊಟ್ಟು ಆಫ್ ಮಾಡಿ. ಐದನೆಯದಾಗಿ, ಎರಡೂ ಬದಿಯ ಗಾಜು ಇಳಿಸಿ, ಸೊಳ್ಳೆಪರದೆ ಕಟ್ಟಿ, ಬ್ಯಾಟರಿ ಫ್ಯಾನ್ ಹಾಕಿಕೊಂಡು ಮಲಗಿ. ಒಳಗೆ ಸ್ಟೌ ಹಚ್ಚಬೇಡಿ. ಗಾಜು ಇಳಿದಿದೆಯೆಂದು ಎಂಜಿನ್ ಓಡಲು ಬಿಡುವುದೂ ಸಲ್ಲ, ಹೊಗೆ ಅದೇ ಕಿಟಕಿಯಿಂದ ಒಳಬರುತ್ತದೆ. ಕೊನೆಯದಾಗಿ, ತಲೆನೋವು, ತಲೆಸುತ್ತು, ವಾಕರಿಕೆ ಕಂಡರೆ ಎಂಜಿನ್ ಆರಿಸಿ ಬಯಲು ಗಾಳಿಗೆ ಬನ್ನಿ, 108ಕ್ಕೆ ಕರೆ ಮಾಡಿ. ಕ್ಲೀನರ್‌ಗೂ ಇದೇ ಲಕ್ಷಣವಿದ್ದರೆ ದಣಿವೆಂದು ತಳ್ಳಿಹಾಕಬೇಡಿ.

ಪದೇ ಪದೇ ಸ್ಟಾರ್ಟ್ ಮಾಡಿದರೆ ಬ್ಯಾಟರಿ ಸೋಲುತ್ತದೆ ಎನ್ನುವವರಿದ್ದಾರೆ. ಕ್ಷಣಕ್ಷಣಕ್ಕೂ ಮುಂದೆ ಸರಿಯುವ ಸಾಲಿನಲ್ಲಿ ಆ ಮಾತು ಒಪ್ಪಬಹುದು, ಗಂಟೆಗಟ್ಟಲೆ ಕಾಯುವಾಗ ಅಲ್ಲ. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಸೆಕೆಯಲ್ಲಿ ನಿದ್ದೆಗೆಟ್ಟ ಚಾಲಕ ರಸ್ತೆಯಲ್ಲಿ ಎಲ್ಲರಿಗೂ ಅಪಾಯ. ಅದಕ್ಕೇ ಎಂಜಿನ್ ಆರಿಸುವ ಉಪದೇಶ ಚಾಲಕನಿಗಷ್ಟೇ ಸಾಲದು. ಭಾರಿ ಲಾರಿ ನಿಂತಲ್ಲೇ ಗಂಟೆಗೆ ಸುಮಾರು 2 ಲೀಟರ್ ಡೀಸೆಲ್ ಕುಡಿದರೂ, ಲೀಟರಿಗೆ 90 ರೂಪಾಯಿಯಂತೆ ಆರು ಗಂಟೆಯ ನಿದ್ದೆಗೆ 1,080 ರೂಪಾಯಿ. ಹೊಗೆಯಾಗಿ ಹೋಗುವ ಆ ಹಣವನ್ನು ಮಾಲೀಕರು ಫ್ಯಾನಿಗೆ, ಒಳ್ಳೆಯ ಬ್ಯಾಟರಿಗೆ, ದೂರದ ಟ್ರಿಪ್‌ನಲ್ಲಿ ಒಂದು ರಾತ್ರಿಯ ಕೋಣೆ ಬಾಡಿಗೆಗೆ ಎತ್ತಿಟ್ಟರೆ ಚಾಲಕನ ನಿದ್ದೆಯೂ ಉಳಿಯುತ್ತದೆ, ಜೀವವೂ.